ಸೀನುವ ಮುನ್ನ

ಸೀನು ಬರುವ ಹೊತ್ತಿಗೆ ಅಮ್ಮ ಮಡಚುತ್ತಿದ್ದ ಕೂಸಿನ ಬಟ್ಟೆಗಳನ್ನು ಬಿಟ್ಟು, ಗೋಡೆ ಹಿಡಿದು, ಎರಡೂ ತೊಡೆಗಳನ್ನು ಬಿಗಿಯಾಗಿ ಹೆಣೆದುಕೊಂಡಳು. ಆಮೇಲೆ ಸೀನಿದಳು.

ಮಂಚದ ಮೇಲಿದ್ದ ಬಾಣಂತಿ ಮಗಳು ನೋಡುತ್ತಲೇ ಕುಳಿತಳು. ಹೆರಿಗೆಯಾದಾಗಿನಿಂದ ತಾನೂ ಹೀಗೆಯೇ ಸೀನುತ್ತಿದ್ದಳು, ಆದರೂ ಒಳಬಟ್ಟೆ ಒದ್ದೆಯಾಗುತ್ತಿತ್ತು. ಇದಕ್ಕೆಂದೇ ನರ್ಸ್ ಕೊಟ್ಟಿದ್ದ ವ್ಯಾಯಾಮದ ಹಾಳೆಯನ್ನು ಅಮ್ಮನೇ ಕಪಾಟಿನೊಳಗೆ ಎತ್ತಿಟ್ಟುಬಿಟ್ಟಿದ್ದಳು. “ಇದೆಲ್ಲ ಯಾಕೆ ಪುಟ್ಟಿ? ನಂಗೂ ಆಗಿತ್ತು. ಮೂರು ತಿಂಗಳಿಗೆ ತಾನಾಗೇ ಹೋಯ್ತು,” ಅಂದಿದ್ದಳು. ಚಿಕ್ಕಂದಿನಲ್ಲಿ ಅಮ್ಮ ಕಥೆ ಹೇಳುತ್ತಾ ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಜೀವವಿದೆ ಅಂದಾಗ ನಂಬಿದ ಹಾಗೆಯೇ ಮಗಳು ಇದನ್ನೂ ನಂಬಿದ್ದಳು. ಮೊನ್ನೆಗೆ ಮೂರು ತಿಂಗಳು ತುಂಬಿತ್ತು. ಆಟದ ಟೀಚರ್ ಅವಳು. ಸೋಮವಾರದಿಂದ ಮೈದಾನದಲ್ಲಿ ಮಕ್ಕಳ ಜೊತೆ ಓಡಬೇಕಿತ್ತು.

“ನಿಂಗೆ ಹೋಗೇ ಇಲ್ಲ, ಅಲ್ವಾ ಅಮ್ಮಾ?”

“ಏನೇ?”

“ನನ್ನ ಹೆತ್ತು ಮೂವತ್ತು ವರ್ಷ ಆಯ್ತು.”

ಅಮ್ಮ ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು. “ಹೆದರ್ತೀಯ ಅಂತ ಹಾಗಂದೆ ಕಣೇ. ನಮ್ಮಮ್ಮನೂ ನಂಗೆ ಹಾಗೇ ಅಂದಿದ್ಲು. ಹೆಂಗಸರ ಮೈ, ಇದೆಲ್ಲ ಇದ್ದದ್ದೇ.”

ತೊಟ್ಟಿಲಲ್ಲಿ ಹೆಣ್ಣುಕೂಸು ಮುಲುಗುಟ್ಟಿತು. ಅಮ್ಮ ಕೈಚಾಚಿ ಬಂದಳು. ಅಷ್ಟರಲ್ಲಿ ಮಗಳು ಅದನ್ನೆತ್ತಿ ಅವಚಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು.