ಅಪ್ಪನಿಗೆ ಉಡಿಸಿದ ಸೀರೆ

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಸೊಕ್ಕೆ ಊರಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಊರಿನ ನಾಟಕದಲ್ಲಿ ಅಪ್ಪನಿಗೆ ರಾಣಿಯ ಪಾರ್ಟು ಸಿಕ್ಕಿತ್ತು. ಅಪ್ಪ ಹೊಲ ಮಾಡುವವನು. ಸ್ಟೇಜು ಹತ್ತಬೇಕೆಂಬುದು ಅವನ ಬಹುದಿನದ ಆಸೆ. ಅಜ್ಜನಿಗೆ ಇದು ಸೇರುತ್ತಿರಲಿಲ್ಲ. ಅವರು ಹೊಲಕ್ಕೆ ಹೋದಾಗ ಅವ್ವ ನುಸಿಗುಳಿಗೆ ಹಾಕಿಟ್ಟಿದ್ದ ಟ್ರಂಕು ತೆಗೆದು ತನ್ನ ಧಾರೆ ಸೀರೆಯನ್ನು ಅಪ್ಪನಿಗೆ ಉಡಿಸಿದಳು. ಹಸಿರು ರೇಷ್ಮೆ, ಜರಿ ಕೈಗೆ ಒರಟಾಗಿ ತಾಗುತ್ತಿತ್ತು. ನಾನು ನೆಲದ ಮೇಲೆ ಕೂತು ನೆರಿಗೆಯ ತುದಿ ಹಿಡಿದಿದ್ದೆ.

"ದಾಪುಗಾಲು ಹಾಕಬ್ಯಾಡ್ರಿ. ಎತ್ತಿನ ಹಿಂದೆ ಹೋದಂಗೆ ಹೋಗ್ತೀರಲ್ಲ," ಅಂದಳು ಅವ್ವ.

ಅಪ್ಪ ನಾಚಿ ನಿಂತ. "ನನ್ ಕೈಲಿ ಆಗಲ್ಲ ಬಿಡು."

"ಆಗ್ತೈತೆ. ನನ್ನ ನೋಡ್ಕಂತ ನಡೀರಿ."

ಅವ್ವ ಮುಂದೆ, ಅಪ್ಪ ಹಿಂದೆ ಪಡಸಾಲೆಯಲ್ಲಿ ನಡೆಯುತ್ತಿದ್ದಾಗ ಅಜ್ಜ ಬಾಗಿಲಿಗೆ ಬಂದು ನಿಂತರು.

"ಗಂಡಸಿಗೆ ಸೀರೆ ಉಡ್ಸಾಕೆ ನಿನಗೆ ನಾಚಿಕೆ ಆಗಲ್ವೇನವ್ವ? ಊರಾಗೆ ನಾನು ತಲೆ ಎತ್ಕೊಂಡು ತಿರುಗೋದು ಹೆಂಗೆ?"

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಸೀರೆ ನನ್ನ ತವರಿಂದು ಮಾವ. ಉಡ್ಸಿದೋಳೂ ನಾನೇ. ನಿಮ್ಮ ಮಗನ್ನ ಏನೂ ಅನ್ನಬ್ಯಾಡ್ರಿ."

ಅವ್ವ ಅಜ್ಜನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ಹೋದರು. ಅಪ್ಪ ಸೀರೆ ಬಿಚ್ಚಲು ಹೋದ. ಅವ್ವ ಅವನ ಕೈ ಹಿಡಿದು, "ಇನ್ನೊಂದ್ಸಲ ನಡೀರಿ," ಅಂದಳು.

ನಾಟಕಕ್ಕೆ ಅಜ್ಜ ಬರಲಿಲ್ಲ. ಅಪ್ಪ ರೇಷ್ಮೆ ಸೀರೆಯುಟ್ಟು ಸ್ಟೇಜಿಗೆ ಬಂದಾಗ, ಅವ್ವ ದಿನದ ನೂಲಿನ ಸೀರೆಯಲ್ಲೇ ಮುಂದಿನ ಸಾಲಿನಲ್ಲಿ ಕೂತು, ರಾಣಿಯ ಮಾತುಗಳನ್ನೆಲ್ಲ ಅಪ್ಪನ ಜೊತೆಗೇ ತುಟಿಯಲ್ಲಿ ಹೇಳುತ್ತಿದ್ದಳು.