ಹೇಳುವಂತಿಲ್ಲದ ವಸ್ತು

ವಕೀಲ ಹಿಂಬಾಗಿಲಿನ ಕರೆಗಂಟೆ ಒತ್ತಿದ. ಸದ್ದೇ ಬರಲಿಲ್ಲ. ಒಳಗೆ ಚಾವಣಿಯಲ್ಲಿ ಕೆಂಪು ದೀಪವೊಂದು ಹೊತ್ತಿ ಆರಿದ್ದು ಮಾತ್ರ ಕಿಟಕಿಯಿಂದ ಕಂಡಿತು. ಯಾರೋ ವೈರು ಅದಲುಬದಲು ಮಾಡಿರಬೇಕು ಎಂದುಕೊಂಡ. ಸಂಶೋಧಕಿ ಆಗಷ್ಟೇ ಇದೇ ಬಾಗಿಲಿನಿಂದ ಒಳಗೆ ಹೋಗಿದ್ದಳು. ಸರ್ಕಾರಿ ಪ್ರಯೋಗಾಲಯದಿಂದ ಇಲ್ಲಿಯವರೆಗೆ ಅವನು ಅವಳ ಸ್ಕೂಟರಿನ ಬೆನ್ನು ಬಿಟ್ಟಿರಲಿಲ್ಲ.

ವಿಷಯ ಸರಳ. ಸರ್ಕಾರದ ದುಡ್ಡಿನಲ್ಲಿ, ಅಂದರೆ ಊರವರೆಲ್ಲರ ತೆರಿಗೆಯಲ್ಲಿ, ಅವಳು ಹೆಸರುಕಾಳಿನಷ್ಟು ಪುಟ್ಟ ಯಂತ್ರವೊಂದನ್ನು ಮಾಡಿದ್ದಳು. ನಾಳೆ ಬೆಳಿಗ್ಗೆ ಅದರ ಪೇಟೆಂಟ್ ಅರ್ಜಿ ಸಲ್ಲಿಕೆ. ಪೇಟೆಂಟ್ ಸಿಕ್ಕರೆ ಒಂದೇ ಒಂದು ಕಂಪನಿ ಅದನ್ನು ತಯಾರಿಸಿ ಬಾಯಿಗೆ ಬಂದ ಬೆಲೆಗೆ ಮಾರಬಹುದು. ಆದರೆ ಪ್ರಯೋಗಾಲಯದ ಹೊರಗೆ ಒಬ್ಬರಾದರೂ ಅದನ್ನು ಎಲ್ಲರೆದುರು ಬಳಸಿದ್ದಾರೆ ಎಂದಾದರೆ ಪೇಟೆಂಟಿನ ಆಸೆ ಬಿಡಬೇಕು. ಆಮೇಲೆ ಯಾರು ಬೇಕಾದರೂ ತಯಾರಿಸಿ ಅಗ್ಗಕ್ಕೆ ಕೊಡಬಹುದು. ಹಾಗೇನೂ ಆಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಂಪನಿಯ ಪರವಾಗಿ ಈ ವಕೀಲನ ಕೆಲಸ. ಪ್ರಯೋಗಾಲಯದಿಂದ ಒಂದು ಡಬ್ಬಿ ಯಂತ್ರಗಳು ಕಾಣೆಯಾಗಿದ್ದವು. ಅವನ ಹಿರಿಯ ವಕೀಲರು ಹೆಂಡತಿಯ ಅಪ್ಪನೇ ಆಗಿದ್ದರಿಂದ, ಎಡವಟ್ಟಾದರೆ ಆಫೀಸಿನಲ್ಲೂ ಮಂಗಳಾರತಿ, ಮನೆಯಲ್ಲೂ ಮಂಗಳಾರತಿ.

ಆ ಯಂತ್ರ ಏನು ಮಾಡುತ್ತದೆ ಎಂದು ಮಾತ್ರ ಕೇಳಬೇಡಿ. ಅರ್ಜಿ ಹೋಗುವ ಮೊದಲು ಅದರ ಸುದ್ದಿ ಎತ್ತುವಂತೆಯೇ ಇಲ್ಲ. ವಕೀಲ ಹೆಂಡತಿಯ ಹತ್ತಿರವೂ ತುಟಿ ಬಿಚ್ಚಿರಲಿಲ್ಲ. ಅವಳಿಗೇ ಇಲ್ಲದ ಭಾಗ್ಯ ನಮಗೆಲ್ಲಿಂದ ಬರಬೇಕು?

ಅಜ್ಜಿಯೊಬ್ಬರು ಬಾಗಿಲು ತೆರೆದರು. ಮಗ್ಗದ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದವರಂತೆ, ಈಗ ಈ ಸಂಘದ ಅಧ್ಯಕ್ಷೆಯಂತೆ. ಕೇಳದೆಯೇ ಅಷ್ಟನ್ನೂ ಹೇಳಿ, "ಬಾಪ್ಪಾ ಒಳಗೆ, ಹೊಸಬರು ಬಂದ್ರೆ ನಮಗೆ ಹಬ್ಬ" ಎಂದರು.

ಒಳಗೆ ವಯಸ್ಸಾದವರ ಗುಂಪು ಕೇರಂ ಆಡುತ್ತಾ ಕೂತಿತ್ತು. ಎಲ್ಲರದೂ ಸ್ವಲ್ಪ ದೊಡ್ಡ ಗಂಟಲು. ಮಾತಿಗಿಂತ ಮುಂಚೆ ಕೈಗಳೇ ಓಡುತ್ತಿದ್ದವು. ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದ ಸ್ಲೇಟುಗಳು ಧೂಳು ಹಿಡಿದಿದ್ದವು. ಆಟದ ಅಂಕ ಬರೆಯಲು ಇರಬೇಕೆಂದು ವಕೀಲ ಊಹಿಸಿದ. ಮೂಲೆಯಲ್ಲಿ ನಿವೃತ್ತ ಬಾಯ್ಲರ್ ಕೆಲಸಗಾರನೊಬ್ಬ ಖಾಲಿ ಲೋಟದಲ್ಲಿ ಚಮಚ ತಿರುಗಿಸುತ್ತಾ ತನ್ನಷ್ಟಕ್ಕೆ ನಗುತ್ತಿದ್ದ. ಪಾಪ, ವಯಸ್ಸಾಯಿತು ಎಂದು ವಕೀಲನಿಗೆ ಮರುಕ ಬಂತು.

ಸಂಶೋಧಕಿ ಅವನನ್ನು ಕಂಡು ಗಾಬರಿಯಾಗಲಿಲ್ಲ. "ಬನ್ನಿ ಸರ್, ಒಂದು ಆಟ ಆಡ್ತೀರಾ?"

"ಆಡೋಕೆ ಬಂದಿಲ್ಲ ಮೇಡಂ. ಇವರಿಗೆ ಅದರ ವಿಷಯ ಏನಾದರೂ ಹೇಳಿದ್ದೀರಾ?"

"ಒಂದು ಮಾತೂ ಹೇಳಿಲ್ಲ. ಬಾಯಿ ಮುಚ್ಕೊಂಡಿರು ಅಂತ ಮೇಲಿನವರು ಹೇಳಿದಾರೆ, ಮುಚ್ಕೊಂಡಿದೀನಿ. ಆದರೆ ಜನರ ದುಡ್ಡಲ್ಲಿ ಮಾಡಿದ್ದು ಜನರ ಕೈಗೇ ಎಟುಕದ ಹಾಗಾದರೆ ಹೇಗೆ, ನೀವೇ ಹೇಳಿ."

ಅವಳ ದನಿ ಒಂದು ಕ್ಷಣ ಒಡೆಯಿತು. ಎಂಟು ವರ್ಷ ತೇದ ಕೆಲಸ. ವಕೀಲನಿಗೂ ಕೆಟ್ಟೆನಿಸಿತು. ಆದರೆ ಮಾವನ ಮುಖ ನೆನಪಾಗಿ ಮನಸ್ಸು ಗಟ್ಟಿಮಾಡಿಕೊಂಡ.

ಅಜ್ಜಿಯನ್ನು ಕಿಟಕಿಯ ಹತ್ತಿರ ಕರೆದು, ಗುಟ್ಟಿನ ವಿಷಯವಾದ್ದರಿಂದ ಪಿಸುದನಿಯಲ್ಲಿ ಕೇಳಿದ. "ಅವರು ನಿಮಗೆ ಯಾವುದಾದರೂ ವಸ್ತು ಕೊಟ್ಟಿದ್ದಾರಾ?"

"ಯಾವ ಥರದ್ದಪ್ಪಾ?"

"ಅದನ್ನ ಹೇಳೋ ಹಾಗಿಲ್ಲ."

"ಮತ್ತೆ ನಾನು ಹೇಗಪ್ಪಾ ಹೇಳಲಿ?" ಅಜ್ಜಿ ಮುಗುಳ್ನಕ್ಕರು. ಕೋಣೆಯ ಆ ತುದಿಯಿಂದ ಬಾಯ್ಲರಿನವನು, "ನೀನೇ ಹುಡುಕ್ಕೋ ಮಾರಾಯ" ಎಂದ.

ವಕೀಲ ಹುಡುಕಿದ. ಮೇಜಿನ ಕೆಳಗೆ ಬಗ್ಗಿದ, ಎಲ್ಲರ ಕೈ ನೋಡಿದ, ಅನುಮತಿ ಕೇಳಿ ಚೀಲಗಳನ್ನೂ ಜಾಲಾಡಿದ. ಅಜ್ಜಿ ತಾವಾಗಿಯೇ ಕಪಾಟು ತೆರೆದು ತೋರಿಸಿದರು. ಬಾಗಿಲು ಕಿರ್ರೆಂದು ಅರಚಿತು. ವಕೀಲನ ಹಲ್ಲು ಜುಮ್ಮೆಂದವು.

"ಅದಕ್ಕೆ ಸ್ವಲ್ಪ ಎಣ್ಣೆ ಬಿಡಬಾರದಾ ಅಜ್ಜಿ?"

"ಬ್ಯಾಡಪ್ಪಾ, ಚೆನ್ನಾಗೇ ಇದೆ." ಅಜ್ಜಿ ಮತ್ತೊಮ್ಮೆ ಮುಚ್ಚಿ ತೆರೆದರು. ಕೇರಂ ಆಡುತ್ತಿದ್ದವರೆಲ್ಲ ತಲೆಯೆತ್ತಿ ಖುಷಿಯಿಂದ ನೋಡಿದರು.

ಡಬ್ಬಿಯೂ ಇಲ್ಲ, ಯಂತ್ರವೂ ಇಲ್ಲ. ವಕೀಲನ ಎದೆಯ ಭಾರ ಇಳಿಯಿತು. ಸಂಶೋಧಕಿಯ ಮುಖ ನೋಡುವ ಧೈರ್ಯವಾಗದೆ, "ತಪ್ಪು ತಿಳ್ಕೋಬೇಡಿ ಮೇಡಂ" ಎಂದು ಗೊಣಗಿದ. ಅಷ್ಟು ಮೆಲ್ಲಗೆ ಹೇಳಿದರೂ ಇಡೀ ಕೋಣೆ ಒಕ್ಕೊರಲಿನಿಂದ ಉತ್ತರಿಸಿತು. "ಪರವಾಗಿಲ್ಲ ಬಿಡಿ."

ಅಜ್ಜಿ ಅವನನ್ನು ಮುಂಬಾಗಿಲಿನವರೆಗೆ ಕರೆದೊಯ್ದರು. "ನಿನ್ನ ದನಿ ಚೆನ್ನಾಗಿದೆಯಪ್ಪಾ. ಆಗಾಗ ಬಂದು ಮಾತಾಡ್ಸು."

ಮುಖ್ಯರಸ್ತೆಯಲ್ಲಿ ಜನವೋ ಜನ. ವಕೀಲ ಫುಟ್‌ಪಾತಿನಲ್ಲಿ ನಿಂತು ಮಾವನಿಗೆ ಫೋನು ಹಚ್ಚಿದ. "ಮಾವ, ಕೆಲಸ ಹೂವೆತ್ತಿದ ಹಾಗೆ ಮುಗೀತು. ಒಬ್ಬರೂ ಬಳಸಿಲ್ಲ. ಬರೆದುಕೊಡಲಿಕ್ಕೂ ನಾನು ತಯಾರು." ಹಾಗೆನ್ನುತ್ತಾ ಕಟ್ಟಡದ ಹೆಸರು ಕೇಳಿಯಾರೆಂದು ತಲೆಯೆತ್ತಿ, ಬಾಗಿಲ ಮೇಲಿನ ದೊಡ್ಡ ಬೋರ್ಡನ್ನು ಓದಿದ.

"ಕಿವುಡರ ಸಂಘ. ಸಾರ್ವಜನಿಕರಿಗೆ ಸದಾ ಮುಕ್ತ ಪ್ರವೇಶ."