ಬೂದಿಯಿಂದ ತಿಕ್ಕಿದ ಬಾನೆಟ್

ಕಾರಿನ ಗೀರು ಅಳಿಸಲು ಹಚ್ಚುವ ರಬ್ಬಿಂಗ್ ಕಾಂಪೌಂಡಿನ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನಾಸಿಕ್ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಹೊಸ ಕೆಂಪು ಕಾರಿಗೆ ಹಿಂದಿನ ದಿನವಷ್ಟೇ ಪೂಜೆಯಾಗಿತ್ತು. ಬಾನೆಟ್ ಮೇಲೆ ಒಣಗಿದ್ದ ಅರಿಶಿನ ಕುಂಕುಮವನ್ನು ಬೆಳಿಗ್ಗೆ ಅಜ್ಜಿ ತೆಗೆದಿದ್ದಳು. ಬೀದರಿನಿಂದ ಡಬ್ಬಿಯಲ್ಲಿ ತಂದಿದ್ದ ಒಲೆಯ ಬೂದಿ, ತೆಂಗಿನ ನಾರು, ಹಿತ್ತಾಳೆ ಕೊಡ ತಿಕ್ಕುವ ಅದೇ ಜೋರು. ಕೈಯಾಡಿಸಿದರೆ ಗೀರುಗಳು ಬೆರಳಿಗೆ ತಾಕುತ್ತಿದ್ದವು.

ಮಧ್ಯಾಹ್ನ ಅಪ್ಪ, ಅಜ್ಜಿ, ನಾನು ಕಾರನ್ನು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಪೇಂಟರ್ ಚಾಚಾ ಕಾಂಪೌಂಡ್ ಹಚ್ಚಿ ಉಜ್ಜುತ್ತಾ, ಇದನ್ನು ಯಾವ ಕತ್ತೆ ತಿಕ್ಕಿತು ಎಂದು ಹಿಂದಿಯಲ್ಲಿ ಕೇಳಿದ.

"ನಾನೇ," ಎಂದ ಅಪ್ಪ, ಹಿಂದಿಯಲ್ಲೇ.

ಅಜ್ಜಿಗೆ ಹಿಂದಿ ಬಾರದು. ನನ್ನ ಭುಜ ತಟ್ಟಿದಳು. "ಏನಂದಾ ಅಂವಾ?"

ನಾನು ಅಪ್ಪನ ಮುಖ ನೋಡಿದೆ. "ಇಷ್ಟ್ ಸ್ವಚ್ಛ ಯಾರ್ ತಿಕ್ಯಾರ ಅಂತ ಕೇಳ್ಯಾನ, ಅಜ್ಜಿ."

ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಚಾಚಾನಿಗೆ ಕನ್ನಡದಲ್ಲೇ ಹೇಳಿದಳು. "ನಾನೇ ರೀ. ಬೂದಿ ಇನ್ನಾ ಅದ. ನಿಮಗೂ ಬೇಕಂದ್ರ ಕೊಡ್ತೀನಿ."

ಅಪ್ಪ ತಟ್ಟನೆ ಬಾನೆಟ್ ಮೇಲೆ ಬಗ್ಗಿದ. ಅಲ್ಲಿ ಆಗಷ್ಟೇ ಹೊಳಪು ಬಂದಿದ್ದ ಅಂಗೈಯಗಲ ಜಾಗದಲ್ಲಿ ಅವನ ನಗು ನನಗೆ ಕಂಡಿತು.